ಹಳ್ಳವೊಂದನ್ನು ಮಕ್ಕಳ ಸುಪರ್ದಿಗೆ ಕೊಡುವ ಕ್ರಮ

ಪರಿಸರದ ಕಾಳಜಿಯನ್ನು ಮಕ್ಕಳಲ್ಲಿ ಬೆಳೆಸಬೇಕೆಂದು ಮನಸ್ಸು ಮಾಡಿರುವವರಿಗೆ ನಾನು ಕೊಡುವ ಸಲಹೆ ಒಂದೇ: ನಿಮ್ಮ ಊರಿನ ಹಳ್ಳದ ಒಂದು ಸಣ್ಣ ಭಾಗವನ್ನು ಗೊತ್ತುಮಾಡಿ ಅದನ್ನು ಮಕ್ಕಳ ಸುಪರ್ದಿಗೆ ಕೊಡಿ, ಕೊಟ್ಟ ಮೇಲೆ ಕನಿಷ್ಠ ಮೂರು ವರ್ಷ ಅವರ ಜೊತೆಗಿರಿ. ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ನಿರ್ದೇಶನ ಕೊಟ್ಟಿದೆ. ಪಠ್ಯಪುಸ್ತಕಗಳಲ್ಲಿ ವಿಷಯಕ್ಕೆ ಕೊರತೆಯೇನೂ ಇಲ್ಲ. ಹಸಿರುಮನೆ ಪರಿಣಾಮ, ಓಝೋನ್ ಪದರ, ಆಹಾರ ಸರಪಳಿ ಎಲ್ಲವೂ ಏಳನೆಯ ತರಗತಿಯ ಮಗುವಿಗೆ ಬಾಯಿಪಾಠವಾಗಿ ಬರುತ್ತವೆ. ಆದರೆ ಮನೆಯ ಹಿಂದೆ ಹರಿಯುವ ಹಳ್ಳ ಎಲ್ಲಿ ಹುಟ್ಟುತ್ತದೆ, ಯಾವ ಹೊಳೆಯನ್ನು ಸೇರುತ್ತದೆ, ಬೇಸಿಗೆಯಲ್ಲಿ ಯಾವ ತಿಂಗಳಿಗೆ ಬತ್ತುತ್ತದೆ ಎಂದು ಕೇಳಿದರೆ ಅದೇ ಮಗು ಸುಮ್ಮನಾಗುತ್ತದೆ. ತಾನು ನೋಡಿಕೊಳ್ಳಬೇಕಾದ ಒಂದು ಜಾಗ ಕಣ್ಣೆದುರಿಗೆ ಇಲ್ಲದಿದ್ದರೆ ಕಾಳಜಿ ಎಂಬುದು ಮಾತಾಗಿಯೇ ಉಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮಲೆನಾಡಿನಲ್ಲಿ ಹಳ್ಳಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಕಾನು (ದಟ್ಟವಾದ ನಿತ್ಯಹರಿದ್ವರ್ಣದ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ತೋಟ, ಗದ್ದೆ, ರಸ್ತೆ, ಮನೆ ಎಲ್ಲವೂ ಹಳ್ಳದ ಜೊತೆ ಒಂದಲ್ಲ ಒಂದು ರೀತಿಯಲ್ಲಿ ವ್ಯವಹಾರ ಇಟ್ಟುಕೊಂಡಿರುವುದರಿಂದ, ಮೇಲೆ ಯಾರು ಏನು ಮಾಡಿದರೂ ಅದು ಕೆಳಗಿನ ನೀರಿನಲ್ಲಿ ಕಾಣಿಸುತ್ತದೆ. ಅದೂ ಅಲ್ಲದೆ, ಹಳ್ಳದ ಜಾಡು ಹಿಡಿದು ಹೋದರೆ ಮಗುವಿಗೆ ದೂರದ ಊರುಗಳೂ ಹತ್ತಿರವಾಗುತ್ತವೆ. ಹೊಸನಗರ ತಾಲ್ಲೂಕನ್ನೇ ನೋಡಿ. ಹುಂಚದ ಬಳಿಯ ಬಿಲ್ಲೇಶ್ವರದಲ್ಲಿ ಹುಟ್ಟುವ ಕುಮುದ್ವತಿ ಪೂರ್ವಕ್ಕೆ ಹರಿದು ತುಂಗಭದ್ರೆಯನ್ನು ಸೇರಿ, ಕೊನೆಗೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಅದೇ ಹೊಸನಗರದ ಸೀಮೆಯನ್ನು ಹಾಯುವ ಶರಾವತಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ತಮ್ಮ ಹಳ್ಳ ಈ ಎರಡು ಸಮುದ್ರಗಳಲ್ಲಿ ಯಾವುದಕ್ಕೆ ಸೇರಿದ್ದು ಎಂಬ ಪ್ರಶ್ನೆಯನ್ನು ಮೊದಲ ದಿನವೇ ಮಕ್ಕಳ ಮುಂದಿಡಿ. ಉತ್ತರವನ್ನು ನೀವು ಹೇಳಬೇಡಿ. ಊರಿನ ಹಿರಿಯರನ್ನು ಕೇಳಿ, ನಕ್ಷೆ ನೋಡಿ ಅವರೇ ಕಂಡುಕೊಂಡು ಬರಲಿ.

ಜಾಗವನ್ನು ಆರಿಸುವಾಗ ನೂರಿನ್ನೂರು ಹೆಜ್ಜೆಯಷ್ಟು ಉದ್ದ ಸಾಕು. ಹೆಚ್ಚಿನ ಮಕ್ಕಳ ಮನೆಯಿಂದ ಕಾಲು ಗಂಟೆಯ ನಡಿಗೆಯೊಳಗೆ ಇರಬೇಕು, ಬೇಸಿಗೆಯಲ್ಲಿ ಮೊಣಕಾಲಿಗಿಂತ ಆಳದ ಮಡು ಇರಬಾರದು, ದಂಡೆಯಲ್ಲಿ ಒಂದಿಷ್ಟು ಮರಗಳಿರಬೇಕು. ಬಟ್ಟೆ ಒಗೆಯುವ ಕಲ್ಲೋ, ತೋಟದ ಬಸಿಗಾಲುವೆ ಬಂದು ಸೇರುವ ಬಾಯೋ, ಸೇತುವೆಯೋ ಆ ಭಾಗದೊಳಗೆ ಇದ್ದರೆ ಇನ್ನೂ ಒಳ್ಳೆಯದು. ಮನುಷ್ಯರ ಕೈ ತಾಗದ ಜಾಗವನ್ನು ಹುಡುಕಿಕೊಂಡು ಕಾಡಿನ ನಡುವೆ ಹೋಗುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಮಕ್ಕಳು ಕಲಿಯಬೇಕಾದದ್ದು ಬಳಕೆಯಲ್ಲಿರುವ ನೀರನ್ನು ಕಾಪಾಡುವ ಬಗೆಯನ್ನು. ಜಾಗ ಖಾಸಗಿಯವರದಾದರೆ ಅವರ ಮನೆಗೇ ಹೋಗಿ ಒಪ್ಪಿಗೆ ಕೇಳಿ. ಅರಣ್ಯದ ಅಂಚಿನಲ್ಲಿದ್ದರೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿ. ಶೆಟ್ಟಿಹಳ್ಳಿಯಂಥ ಅಭಯಾರಣ್ಯದ ಒಳಗೆ ಅನುಮತಿಯಿಲ್ಲದೆ ಮಕ್ಕಳನ್ನು ಕರೆದೊಯ್ಯುವುದು ಕಾನೂನಿಗೆ ವಿರುದ್ಧ. ಪ್ರತಿಯೊಬ್ಬ ಮಗುವಿನ ತಂದೆ ತಾಯಿಯಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.

ಹತ್ತು ಹನ್ನೆರಡು ಮಕ್ಕಳಿಗೆ ಇಬ್ಬರು ದೊಡ್ಡವರು ಇರಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿರಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಭಾನುವಾರದ ಬೆಳಿಗ್ಗೆ ಗಂಡುಮಕ್ಕಳು ಕರೆದ ತಕ್ಷಣ ಓಡಿ ಬರುತ್ತಾರೆ. ಹೆಣ್ಣುಮಕ್ಕಳಿಗೆ ಆ ಹೊತ್ತಿನಲ್ಲಿ ಮನೆಗೆಲಸವಿರುತ್ತದೆ, ಹಳ್ಳದ ಕಡೆಗೆ ಕಳಿಸಲು ಮನೆಯವರಿಗೆ ಹಿಂಜರಿಕೆಯೂ ಇರುತ್ತದೆ. ನೀರು, ಸೊಪ್ಪು, ಸೌದೆಯ ವಿಚಾರದಲ್ಲಿ ಮಲೆನಾಡಿನ ಹೆಂಗಸರಿಗೆ ಇರುವ ತಿಳಿವಳಿಕೆ ಮುಂದಿನ ತಲೆಮಾರಿಗೆ ದಾಟಬೇಕಾದರೆ ಹೆಣ್ಣುಮಕ್ಕಳು ಗುಂಪಿನಲ್ಲಿ ಅರ್ಧದಷ್ಟಾದರೂ ಇರಲೇಬೇಕು. ಆದ್ದರಿಂದ ಸಮಯವನ್ನು ಅವರ ಮನೆಯವರನ್ನು ಕೇಳಿಯೇ ನಿಗದಿ ಮಾಡಿ. ನಮ್ಮ ಕಡೆ ಮಧ್ಯಾಹ್ನ ಮೂರರಿಂದ ಐದರ ಹೊತ್ತು ಹೊಂದಿಕೆಯಾಗುತ್ತದೆ.

ಬೇಕಾಗುವ ಸಾಮಾನು ಅತಿ ಕಡಿಮೆ. ಒಂದು ಬಿಳಿಯ ತಟ್ಟೆ, ಚಹಾ ಸೋಸುವ ಜಾಲರಿ, ಭೂತಗನ್ನಡಿ, ಅಳತೆಯ ಪಟ್ಟಿ, ಗಟ್ಟಿ ರಟ್ಟಿನ ಒಂದು ದೊಡ್ಡ ನೋಟ್ ಪುಸ್ತಕ, ಒಂದು ಹಗ್ಗ, ಪ್ರಥಮ ಚಿಕಿತ್ಸೆಯ ಡಬ್ಬಿ. ಟೀ ಶರ್ಟು, ಬ್ಯಾನರು, ಬಹುಮಾನಗಳಿಗೆ ಹಣ ಕೊಡಲು ಯಾರಾದರೂ ಮುಂದೆ ಬಂದರೆ ವಿನಯದಿಂದ ಬೇಡವೆನ್ನಿ. ಬಹುಮಾನ ಬಂದ ಕೂಡಲೇ ಮಕ್ಕಳ ಗಮನ ಹಳ್ಳವನ್ನು ಬಿಟ್ಟು ಬಹುಮಾನದ ಮೇಲೆ ಹೋಗುತ್ತದೆ.

ಎರಡು ಅಪಾಯಗಳ ಬಗ್ಗೆ ಮೊದಲೇ ತಿಳಿದಿರಬೇಕು

ಮೊದಲನೆಯದು ಮಳೆಗಾಲದ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ನೀರಿಗೆ ಇಳಿಯಕೂಡದು, ಎಷ್ಟೇ ತಿಳಿಯಾಗಿ ಕಂಡರೂ ಇಳಿಯಕೂಡದು. ನಿಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೂ ಮೇಲಿನ ಗುಡ್ಡದಲ್ಲಿ ಜಡಿಮಳೆ ಹೊಯ್ದಿದ್ದರೆ ಹಳ್ಳ ನೋಡನೋಡುತ್ತಿದ್ದಂತೆ ಏರುತ್ತದೆ. ಕಾಲುಸಂಕ (ಹಳ್ಳಕ್ಕೆ ಹಾಕಿದ ಕಿರುಸೇತುವೆ) ದಾಟುವಾಗ ಕೊಚ್ಚಿ ಹೋದ ಶಾಲಾ ಮಕ್ಕಳ ಸುದ್ದಿಯನ್ನು ಮಲೆನಾಡಿನವರು ಯಾರೂ ಮರೆತಿರಲಾರರು. ಆ ನಾಲ್ಕು ತಿಂಗಳು ಎತ್ತರದ ದಂಡೆಯ ಮೇಲೆ ನಿಂತು ನೋಡುವುದು, ಬರೆದುಕೊಳ್ಳುವುದು ಇಷ್ಟೇ ಕೆಲಸ. ಉಂಬಳದ (ಕಾಡಿನ ಜಿಗಣೆಯ) ಬಗ್ಗೆ ಭಯ ಬೇಡ. ಉಪ್ಪು ಅಥವಾ ಸುಣ್ಣ ಜೊತೆಯಲ್ಲಿದ್ದರೆ ಸಾಕು, ಊರಿನ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲ ಬಾರಿಗೆ ಪತ್ತೆಯಾದ ಈ ರೋಗ, ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚುವುದರಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಆ ತಿಂಗಳುಗಳಲ್ಲಿ ಮಕ್ಕಳು ಒಣ ದರಗಿನ (ಉದುರಿದ ಎಲೆಗಳ) ಮೇಲೆ ಕೂರಬಾರದು, ಪೊದೆಗಳೊಳಗೆ ನುಗ್ಗಬಾರದು, ತೋಳು ಮತ್ತು ಕಾಲು ಮುಚ್ಚುವ ಬಟ್ಟೆ ಹಾಕಿರಬೇಕು. ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯನ್ನು ಅವರು ಹೇಳಿದ ಕ್ರಮದಲ್ಲಿ ಹಚ್ಚಿಕೊಳ್ಳಬೇಕು, ಮನೆಗೆ ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೂಡಲೇ ತಿಳಿಸಬೇಕು. ಊರಿನ ಆಸುಪಾಸಿನಲ್ಲಿ ಪ್ರಕರಣ ವರದಿಯಾಗಿದ್ದರೆ ಆ ವರ್ಷದ ಬೇಸಿಗೆಯ ಭೇಟಿಗಳನ್ನು ಪೂರ್ತಿಯಾಗಿ ನಿಲ್ಲಿಸಿ. ಕಾಡಿನ ಬೆಂಕಿ ತಡೆಯಲೆಂದು ಬೇಸಿಗೆಯಲ್ಲಿ ದರಗು ಗುಡಿಸಿ ರೇಖೆ ಮಾಡುವ ಕೆಲಸಕ್ಕೆ ಕೆಲವರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ; ಉದ್ದೇಶ ಒಳ್ಳೆಯದೇ ಆದರೂ ಇದೇ ಕಾರಣಕ್ಕೆ ಅದನ್ನು ದೊಡ್ಡವರೇ ಮಾಡಬೇಕು.

ಕೆಲಸ ಆರಂಭಿಸುವ ಕಾಲ

ವಿಶ್ವ ಪರಿಸರ ದಿನ ಜೂನ್ 5ಕ್ಕೆ ಬರುವುದರಿಂದ ಎಲ್ಲರೂ ಆಗಲೇ ಶುರು ಮಾಡುತ್ತಾರೆ. ಹಳ್ಳದ ಕೆಲಸಕ್ಕೆ ಆ ದಿನ ಹೊಂದುವುದಿಲ್ಲ. ಮಳೆ ಹಿಡಿಯುವ ಹೊತ್ತು ಅದು. ದಸರಾ ರಜೆ ಮುಗಿದ ಮೇಲೆ, ಕಾರ್ತೀಕದ ಸುಮಾರಿಗೆ, ನೀರು ಇಳಿದು ತಿಳಿಯಾದಾಗ ಆರಂಭಿಸಿ. ಹದಿನೈದು ದಿನಕ್ಕೊಮ್ಮೆ ಒಂದು ನಿಗದಿತ ದಿನ ಇಟ್ಟುಕೊಂಡು, ನಿಮಗೆ ಬರಲಾಗದಿದ್ದರೆ ಇನ್ನೊಬ್ಬರನ್ನು ಒಪ್ಪಿಸಿಯಾದರೂ ಆ ದಿನವನ್ನು ತಪ್ಪಿಸದಿರಿ. ನೀವು ಬರುತ್ತೀರಿ ಎಂಬ ಭರವಸೆ ಮಕ್ಕಳಿಗೆ ಇರುವವರೆಗೆ ಮಾತ್ರ ಹಳ್ಳ ಅವರ ಸುಪರ್ದಿಯಲ್ಲಿರುತ್ತದೆ. ಮೊದಲ ಎರಡು ತಿಂಗಳು ಕಸ ಹೆಕ್ಕುವುದು, ಗಿಡ ನೆಡುವುದು ಯಾವುದೂ ಬೇಡ. ನೋಡುವುದಷ್ಟೇ ಕೆಲಸ.

ನೋಡುವುದಕ್ಕೂ ಒಂದು ಕ್ರಮವಿದೆ. ನೀರು ಸಣ್ಣಗೆ ಸದ್ದು ಮಾಡುತ್ತಾ ಹರಿಯುವ ಕಡೆ ಅಂಗೈ ಅಗಲದ ಕಲ್ಲೊಂದನ್ನು ನಿಧಾನವಾಗಿ ಎತ್ತಿ, ಅದರ ಅಡಿಭಾಗವನ್ನು ನೀರು ತುಂಬಿದ ಬಿಳಿಯ ತಟ್ಟೆಯ ಮೇಲೆ ಹಿಡಿಯಲು ಹೇಳಿ. ಮೊದಲಿಗೆ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ಕಾದರೆ ಕಲ್ಲಿನ ಬಣ್ಣದ್ದೇ ಆದ ಚಪ್ಪಟೆಯ ಹುಳವೊಂದು ಅಲುಗಾಡುತ್ತದೆ. ಅದರ ಹಿಂಬದಿಯಲ್ಲಿ ಕೂದಲಿನಂಥ ಮೂರು ಬಾಲಗಳು, ಹೊಟ್ಟೆಯ ಎರಡೂ ಬದಿಗೆ ಸಾಲಾಗಿ ನಡುಗುವ ತೆಳುವಾದ ಕಿವಿರುಗಳು. ಎರಡೇ ಬಾಲದ, ಕಾಲುಗಳು ಗಟ್ಟಿಮುಟ್ಟಾದ ಇನ್ನೊಂದು ಜಾತಿಯೂ ಸಿಗಬಹುದು. ಕಲ್ಲಿಗೆ ಅಂಟಿಕೊಂಡ ಮರಳಿನ ಸಣ್ಣ ಕೊಳವೆಯನ್ನು ಮಕ್ಕಳು ಕಸವೆಂದು ಕಿತ್ತೆಸೆಯಲು ಹೋಗುತ್ತಾರೆ. ತಡೆದು, ಭೂತಗನ್ನಡಿಯಲ್ಲಿ ನೋಡಲು ಹೇಳಿ. ಒಂದೊಂದೇ ಮರಳಿನ ಕಣವನ್ನು ತನ್ನ ಬಾಯಿಂದ ಬರುವ ರೇಷ್ಮೆಯಂಥ ಎಳೆಯಲ್ಲಿ ಅಂಟಿಸಿ ಹುಳು ಕಟ್ಟಿಕೊಂಡ ಮನೆ ಅದು. ಕೆಲವು ಜಾತಿಗಳು ಎಲೆಯ ಚೂರುಗಳಿಂದಲೂ ಕಟ್ಟುತ್ತವೆ. ಇವೆಲ್ಲ ಮುಂದೆ ರೆಕ್ಕೆ ಬಂದು ಹಾರಿಹೋಗುವ ಕೀಟಗಳ ಮರಿಗಳು.

ಈ ಮೂರೂ ಬಗೆಯವು ಧಾರಾಳವಾಗಿ ಸಿಕ್ಕಿದರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ, ಕೊಳಕು ಹೆಚ್ಚು ಸೇರಿಲ್ಲ ಎಂದು ತಿಳಿಯಬಹುದು. ಅವು ಮಾಯವಾಗಿ, ಕೆಸರಿನಲ್ಲಿ ಕೆಂಪು ದಾರದ ತುಂಡಿನಂಥ ಹುಳುಗಳಷ್ಟೇ ಉಳಿದಿದ್ದರೆ ನೀರು ಕೆಟ್ಟಿದೆ ಎಂದರ್ಥ. ಆ ಹುಳುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಿದ್ದರೂ ಅವು ಬದುಕುತ್ತವೆ. ಯಾವ ಪ್ರಯೋಗಾಲಯವೂ ಇಲ್ಲದೆ ಹತ್ತು ವರ್ಷದ ಮಗುವೊಂದು ನೀರಿನ ಗುಣವನ್ನು ಅಳೆಯುವ ಈ ವಿಧಾನವನ್ನು ವಿಜ್ಞಾನಿಗಳೂ ಬಳಸುತ್ತಾರೆ. ನೋಡಿಯಾದ ಮೇಲೆ ಕಲ್ಲನ್ನು ಎತ್ತಿದ ಜಾಗದಲ್ಲೇ, ಅದೇ ಮಗ್ಗುಲಿಗೆ ಇಡಿಸಬೇಕು. ಈ ಒಂದು ನಿಯಮವನ್ನು ಯಾವಾಗಲೂ ಸಡಿಲಿಸಬೇಡಿ.

ಕಪ್ಪೆಗಳ ವಿಚಾರ ಬಂದಾಗ ಕುಂಬಾರ ಕಪ್ಪೆಯ ಬಗ್ಗೆ ತಪ್ಪದೆ ಹೇಳಿ. ಶರಾವತಿ ಕಣಿವೆಯ ಸುತ್ತಲಿನ ಹಳ್ಳಗಳಲ್ಲಿ ವಾಸಿಸುವ ಈ ಕಪ್ಪೆಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು 2014ರಲ್ಲಷ್ಟೇ ವಿವರಿಸಿದರು. ಗಂಡು ಕಪ್ಪೆ ಮುಂಗಾಲಿನಲ್ಲಿ ಮಣ್ಣನ್ನು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ ಎಂಬುದನ್ನು ಕೇಳಿ ಬೆರಗಾಗದ ಮಗುವನ್ನು ನಾನು ನೋಡಿಲ್ಲ. ಶಾಲೆಯ ಪುಸ್ತಕದಲ್ಲಿ ಇನ್ನೂ ಬಾರದ ಸಂಗತಿ ತಮ್ಮ ಸೀಮೆಯ ನೀರಿನಲ್ಲಿ ಇರಬಹುದು ಎಂಬ ಅರಿವು ಮಕ್ಕಳಿಗೆ ಬಂದರೆ, ಮುಂದಿನ ಸಲ ಅವರನ್ನು ಕರೆಯುವುದೇ ಬೇಡ, ತಾವಾಗಿಯೇ ಬರುತ್ತಾರೆ.

ಕಂಡದ್ದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆಯುವ ಹೊಣೆಯನ್ನು ಸರದಿಯ ಮೇಲೆ ಹಂಚಿ. ದಿನಾಂಕ, ಆಗ ನಡೆಯುತ್ತಿರುವ ಮಳೆಯ ನಕ್ಷತ್ರ, ಗುರುತು ಮಾಡಿದ ಕಲ್ಲಿನ ಮೇಲೆ ನೀರಿನ ಎತ್ತರ, ನೀರಿನ ಬಣ್ಣ, ಕಂಡ ಜೀವಿಗಳು, ಹಳ್ಳದಲ್ಲಿ ಯಾರು ಏನು ಮಾಡುತ್ತಿದ್ದರು ಎಂಬುದು ಪ್ರತಿ ಸಲವೂ ಇರಬೇಕು. ನಕ್ಷತ್ರ ಏಕೆಂದರೆ ಆರಿದ್ರೆ, ಪುನರ್ವಸು, ಪುಷ್ಯ ಎಂದು ಲೆಕ್ಕ ಇಡುವ ಅಜ್ಜ ಅಜ್ಜಿಯರ ಜೊತೆ ಮಕ್ಕಳು ಮಾತಾಡುವುದಕ್ಕೆ ಅದೇ ದಾರಿ. ಹಿಂದೆ ಮಡು ಎಲ್ಲಿತ್ತು, ಯಾವ ಮರ ಬಿತ್ತು, ಯಾವ ವರ್ಷ ಹಳ್ಳ ಬತ್ತಿತು ಎಂಬುದೆಲ್ಲ ಹೊರಬರುವುದು ಆ ಮಾತಿನಲ್ಲಿಯೇ.

ಮಳೆಯನ್ನು ಅಳೆಯಲು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ಚಪ್ಪಟೆ ತಳದ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು ದಿನವೂ ಬೆಳಿಗ್ಗೆ 8.30ಕ್ಕೆ ಪಟ್ಟಿಯಿಂದ ನೋಡಿದರೆ ಸಾಕು. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಶಾಲೆಯ ಮಾಡಿನ ಮೇಲೆ ಒಂದು ದಿನ 80 ಮಿ.ಮೀ. ಹೊಯ್ದರೆ 8,000 ಲೀಟರ್ ಎಂದು ಮಕ್ಕಳೇ ಲೆಕ್ಕ ಹಾಕುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾದರೆ ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಇಷ್ಟು ಮಳೆ ಬಿದ್ದೂ ಏಪ್ರಿಲ್‌ನಲ್ಲಿ ಹಳ್ಳ ಏಕೆ ಬತ್ತುತ್ತದೆ ಎಂಬ ಪ್ರಶ್ನೆ ಆಗ ಅವರಿಂದಲೇ ಬರುತ್ತದೆ. ಬಂದಾಗ ಕಾನಿನ ನೆಲವನ್ನೂ ಅಕೇಶಿಯಾ ನೆಡುತೋಪಿನ ನೆಲವನ್ನೂ ಒಂದೊಂದು ಚದರ ಮೀಟರ್ ಗುರುತಿಸಿ ಹೋಲಿಸಲು ಹಚ್ಚಿ. ಎಷ್ಟು ಬಗೆಯ ಸಸಿಗಳಿವೆ, ಮಣ್ಣು ಎಷ್ಟು ಹಸಿಯಾಗಿದೆ ಎಂದು ಮುಟ್ಟಿ ನೋಡಲಿ. ಕಾಗದದ ಕಾರ್ಖಾನೆಗಳಿಗೆಂದು ಬೆಳೆಸಿದ ಈ ತೋಪುಗಳ ಬಗ್ಗೆ ಮಲೆನಾಡಿನಲ್ಲಿ ದಶಕಗಳಿಂದ ವಾದವಿದೆ. ಮಕ್ಕಳ ತಲೆಯಲ್ಲಿ ವಾದವನ್ನು ತುಂಬುವ ಮೊದಲು ಅವರ ಕೈಗೆ ಆ ಎರಡು ಹಿಡಿ ಮಣ್ಣು ಬರಬೇಕು. ಈ ಹೋಲಿಕೆಯನ್ನು ಮಂಗನ ಕಾಯಿಲೆಯ ತಿಂಗಳುಗಳು ಶುರುವಾಗುವ ಮೊದಲು, ನವೆಂಬರ್‌ನಲ್ಲೇ ಮುಗಿಸಿಕೊಳ್ಳಿ.

ಗಿಡ ನೆಡುವುದಾದರೆ ಬೀಜದಿಂದಲೇ ಶುರು ಮಾಡಿ

ತಂದ ಸಸಿಯನ್ನು ನೆಟ್ಟ ಮಗುವಿಗೂ, ಬೀಜ ಹೆಕ್ಕಿ ಮೊಳಕೆ ಬರಿಸಿದ ಮಗುವಿಗೂ ಬಹಳ ವ್ಯತ್ಯಾಸವಿದೆ. ಹಳ್ಳದ ದಂಡೆಗೆ ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ ಚೆನ್ನಾಗಿ ಹೊಂದುತ್ತವೆ. ಹಲಸು, ಹೆಬ್ಬಲಸು, ಮಾವಿನ ಬೀಜಗಳನ್ನು ಒಣಗಿಸಿ ಇಡಬಾರದು. ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಹಾಕಬೇಕು, ಇಲ್ಲವಾದರೆ ಮೊಳೆಯುವ ಶಕ್ತಿ ಹೋಗುತ್ತದೆ. ಅಂಟುವಾಳದ ಬೀಜದ ಸಿಪ್ಪೆ ಗಟ್ಟಿ, ಅದನ್ನು ನೆನೆಸಿ ಹಾಕಬೇಕು. ಬೇಸಿಗೆಯಲ್ಲಿ ಹಾಕಿದ ಬೀಜದ ಸಸಿಗೆ ಒಂದು ವರ್ಷವಾದರೂ ತುಂಬಲಿ. ಅದನ್ನು ಮರುವರ್ಷದ ಜೂನ್‌ನಲ್ಲಿ, ಮಳೆ ಚೆನ್ನಾಗಿ ಹಿಡಿದ ಮೇಲೆ ನೆಟ್ಟರೆ ಬದುಕುವ ಸಾಧ್ಯತೆ ಹೆಚ್ಚು.

ಉಪ್ಪಿನಕಾಯಿಯ ಕಾಡುಮಾವು ಅಪ್ಪೆಮಿಡಿಯ ವಿಷಯ ಬೇರೆಯೇ ಇದೆ. ಸಾಗರ, ಹೊಸನಗರ, ರಿಪ್ಪನ್‌ಪೇಟೆಯ ಕಡೆ ಹೊಳೆ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆದ ಈ ಮರಗಳ ಮಿಡಿಯನ್ನು ಉಪ್ಪಿನಕಾಯಿಗೆಂದು ಎಳತಾಗಿರುವಾಗಲೇ ಕೊಯ್ಯುತ್ತಾರೆ. ಕೆಲವರು ಅವಸರಕ್ಕೆ ಕೊಂಬೆಯನ್ನೇ ಕಡಿದು ಬೀಳಿಸುತ್ತಾರೆ. ಎಲ್ಲವನ್ನೂ ಮಿಡಿಯಲ್ಲೇ ಕೊಯ್ದರೆ ಹಣ್ಣಾಗುವುದು ಯಾವಾಗ, ಬೀಜ ಬೀಳುವುದು ಯಾವಾಗ? ದಂಡೆಯಲ್ಲಿ ಅಂಥ ಮರವಿದ್ದರೆ ಒಂದು ಕೊಂಬೆಯನ್ನಾದರೂ ಹಣ್ಣಾಗಲು ಬಿಡಿ ಎಂದು ಕೊಯ್ಯುವವರನ್ನು ಮಕ್ಕಳೇ ಕೇಳಲಿ. ಉಪ್ಪಿನಕಾಯಿಯ ರುಚಿ ಗೊತ್ತಿರುವ ಯಾರೂ ಆ ಮಾತನ್ನು ತಳ್ಳಿಹಾಕುವುದಿಲ್ಲ. ಬೀಜದಿಂದ ಬಂದ ಮರದ ಮಿಡಿ ತಾಯಿಮರದಂತೆಯೇ ಇರುತ್ತದೆ ಎಂಬ ಖಾತ್ರಿಯಿಲ್ಲವೆಂದೂ, ಅದೇ ರುಚಿ ಬೇಕಾದರೆ ಕಸಿ ಕಟ್ಟಬೇಕೆಂದೂ ತಿಳಿಸಿ. ಕಸಿ ಕಟ್ಟಲು ಬಲ್ಲವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ, ಅವರನ್ನು ಕರೆಸಿ.

ದೊಡ್ಡವರ ತಪ್ಪುಗಳನ್ನು ಮಕ್ಕಳು ಕಂಡಾಗ

ಈ ಕೆಲಸದ ಅತ್ಯಂತ ಸೂಕ್ಷ್ಮ ಭಾಗ ಇದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಇರುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ನಡುವೆ ಇನ್ನೊಮ್ಮೆ ಔಷಧಿ ಹೊಡೆದಾದ ಮೇಲೆ ಡ್ರಮ್ಮನ್ನೂ ಪೈಪನ್ನೂ ಹಳ್ಳದಲ್ಲೇ ತೊಳೆಯುವುದು ಹಲವು ಕಡೆ ರೂಢಿ. ತಾಮ್ರದ ಅಂಶ ತೀರ ಕಡಿಮೆಯಿದ್ದರೂ ಮೀನಿನ ಮರಿಗಳಿಗೆ, ಆ ಮೂರು ಬಾಲದ ಹುಳುಗಳಿಗೆ ಅದು ವಿಷ. ತೊಳೆಯುವವರು ಗುಂಪಿನ ಮಗುವೊಂದರ ತಂದೆಯೇ ಆಗಿರಬಹುದು. ಮಗುವನ್ನು ಮನೆಯವರ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವುದು ಎಂದೂ ಆಗಕೂಡದು. ನೀವೇ ಹೋಗಿ, ಒಬ್ಬರೇ ಇರುವಾಗ, ಡ್ರಮ್ ತೊಳೆದ ನೀರನ್ನು ಮರುದಿನದ ಮಿಶ್ರಣಕ್ಕೆ ಬಳಸಬಹುದು ಅಥವಾ ಹಳ್ಳದಿಂದ ದೂರದ ಅಡಿಕೆ ಮರಗಳ ಬುಡಕ್ಕೆ ಚೆಲ್ಲಬಹುದು ಎಂದು ಹೇಳಿ. ಕೊಳೆಯಿಂದ ಫಸಲು ಕಳೆದುಕೊಂಡವರ ಕಷ್ಟವನ್ನು ಅರಿತು ಆಡಿದ ಮಾತನ್ನು ಬೆಳೆಗಾರರು ಕೇಳುತ್ತಾರೆ.

ಹತ್ತುಮೀನಿನ ವಿಚಾರವೂ ಹೀಗೆಯೇ. ಮೊದಲ ದೊಡ್ಡ ಮಳೆಗೆ ಮೊಟ್ಟೆ ತುಂಬಿದ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುವಾಗ ಕೂಣಿ (ಮೀನು ಹಿಡಿಯುವ ಬುಟ್ಟಿ) ಇಟ್ಟು ಹಿಡಿಯುವುದು ಮಲೆನಾಡಿನ ಹಳೆಯ ಸಂಭ್ರಮ. ಅದನ್ನು ಪೂರ್ತಿ ನಿಲ್ಲಿಸಿ ಎಂದರೆ ಯಾರೂ ಒಪ್ಪುವುದಿಲ್ಲ, ಹೇಳಿದವರ ಮೇಲೆ ಸಿಟ್ಟಾಗುತ್ತಾರೆ ಅಷ್ಟೆ. ಮಕ್ಕಳ ಸುಪರ್ದಿಯಲ್ಲಿರುವ ಆ ನೂರಿನ್ನೂರು ಹೆಜ್ಜೆಯಲ್ಲಿ ಮಾತ್ರ ಕೂಣಿ ಇಡಬೇಡಿ ಎಂದು ಕೇಳಿಕೊಳ್ಳುವುದು ಸಾಧ್ಯ. ಆದರೆ ಬ್ಲೀಚಿಂಗ್ ಪೌಡರ್ ಹಾಕಿ ಇಡೀ ಮಡುವಿನ ಜೀವಗಳನ್ನು ಕೊಲ್ಲುವವರ ವಿಷಯದಲ್ಲಿ ರಾಜಿ ಬೇಡ. ಅದನ್ನು ಪಂಚಾಯಿತಿಗೆ ಲಿಖಿತವಾಗಿ ತಿಳಿಸುವುದು ದೊಡ್ಡವರ ಕರ್ತವ್ಯ.

ಮಕ್ಕಳು ತಾವೇ ಮಾತಾಡಬೇಕಾದ ಜಾಗವೂ ಒಂದಿದೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಅವರು ನೋಟ್ ಪುಸ್ತಕವನ್ನು ತೆರೆದು, ಯಾವ ತಿಂಗಳಲ್ಲಿ ನೀರು ಕೆಟ್ಟಿತು, ಕಸ ಎಲ್ಲಿಂದ ಬರುತ್ತಿದೆ, ಪಂಚಾಯಿತಿಯಿಂದ ಏನಾಗಬೇಕು ಎಂದು ಓದಲಿ. ಒಂದೇ ಬೇಡಿಕೆ ಇರಲಿ, ಅದು ಈಡೇರುವಂಥದ್ದಾಗಿರಲಿ: ಸೇತುವೆಯ ಬಳಿ ಕಸ ಸುರಿಯದಂತೆ ತಡೆ, ಅಥವಾ ಒಣಕಸ ಒಯ್ಯುವ ಗಾಡಿ ಆ ಕೇರಿಗೂ ಬರುವುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ ಮರ ಪ್ರಾಣಿಗಳ ದಾಖಲಾತಿಯನ್ನು ಇಡಬೇಕು. ಮಕ್ಕಳ ಪಟ್ಟಿಯನ್ನು ಆ ದಾಖಲಾತಿಗೆ ಸೇರಿಸಿಕೊಳ್ಳುವಂತೆ ಕೇಳಿ. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು 1976ರಿಂದ ನಮ್ಮ ಸಂವಿಧಾನದ 51ಎ ವಿಧಿಯಲ್ಲಿದೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಸಭೆಯಲ್ಲಿ ಅದನ್ನು ಓದಿ, ತನ್ನ ಲೆಕ್ಕವನ್ನು ಮುಂದಿಟ್ಟರೆ ಅಧ್ಯಕ್ಷರೂ ಪಿಡಿಒ ಅವರೂ ಉತ್ತರ ಕೊಡಲೇಬೇಕಾಗುತ್ತದೆ.

ಮೂರನೆಯ ವರ್ಷದ ಹೊತ್ತಿಗೆ ದೊಡ್ಡ ಮಕ್ಕಳು ಹತ್ತನೆಯ ತರಗತಿ ಮುಗಿಸಿ ತೀರ್ಥಹಳ್ಳಿಗೋ ಸಾಗರಕ್ಕೋ ಶಿವಮೊಗ್ಗಕ್ಕೋ ಪಿಯುಸಿಗೆ ಹೊರಡುತ್ತಾರೆ. ಅವರು ಹೊರಡುವ ಮೊದಲೇ ಹಸ್ತಾಂತರ ಆಗಬೇಕು. ಪ್ರತಿಯೊಬ್ಬರೂ ಇಬ್ಬರು ಕಿರಿಯರನ್ನು ಜೊತೆಗೆ ಹಾಕಿಕೊಂಡು ಕಾರ್ತೀಕದಿಂದ ಬೇಸಿಗೆಯವರೆಗೆ ಕಲ್ಲು ಎತ್ತುವುದು, ಅಳೆಯುವುದು, ಬರೆಯುವುದು ಎಲ್ಲವನ್ನೂ ಕಲಿಸಲಿ. ಆ ತಿಂಗಳುಗಳಲ್ಲಿ ನೀವು ಮಾತು ಕಡಿಮೆ ಮಾಡಿ. ತುಂಬಿದ ಪುಸ್ತಕದ ಒಂದು ನಕಲನ್ನು ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ. ಹೊಸ ಪುಸ್ತಕವನ್ನು ಮೇ ಕೊನೆಯೊಳಗೆ, ಮಳೆ ಹಿಡಿಯುವ ಮುಂಚೆ ಆರಂಭಿಸಿ, ಅದರ ಮೊದಲ ಪುಟದಲ್ಲಿ ಗುರುತಿನ ಕಲ್ಲು ಎಲ್ಲಿದೆ, ಗೆರೆ ತಳದಿಂದ ಎಷ್ಟು ಎತ್ತರದಲ್ಲಿದೆ, ಮಳೆ ಅಳೆಯುವ ಡಬ್ಬಿಯನ್ನು ಎಲ್ಲಿ ಇಟ್ಟಿದೆ ಎಂಬುದನ್ನು ಹಳೆಯ ಮಕ್ಕಳ ಕೈಯಿಂದಲೇ ಬರೆಸಿ. ಅಷ್ಟು ಇಲ್ಲದಿದ್ದರೆ ಹೊಸಬರ ಅಳತೆ ಹಳೆಯ ಲೆಕ್ಕಕ್ಕೆ ತಾಳೆಯಾಗುವುದಿಲ್ಲ.